ಎರಡೂ ಹಿಮ್ಮಡಿ ಹರಿದ ಮೈದಾನಕ್ಕೆ ಕೋಚ್ ಆಗಿ

ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ ಎಂಬ ದಪ್ಪ ಸ್ನಾಯುರಜ್ಜನ್ನು ಹರಿದುಕೊಂಡು ಬರುವವರು ಬಹುಮಟ್ಟಿಗೆ ಒಂದೇ ಮಾತು ಹೇಳುತ್ತಾರೆ. "ಹಿಂದಿನಿಂದ ಯಾರೋ ಜೋರಾಗಿ ಒದ್ದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ." ಹ್ಯೂಸ್ಟನ್ನಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಈ ಮಾತನ್ನು ಓಟಗಾರರಿಂದ, ಟೆನಿಸ್ ಆಡುವ ಐವತ್ತು ದಾಟಿದವರಿಂದ, ಮೆಟ್ಟಿಲು ಹತ್ತುವಾಗ ಕುಸಿದ ಅಂಚೆಯವರಿಂದಲೂ ಕೇಳಿದ್ದೇನೆ. ಅಂಥವರನ್ನು ಬೋರಲು ಮಲಗಿಸಿ ಮೀನಖಂಡವನ್ನು ಕೈಯಿಂದ ಹಿಂಡಿದಾಗ ಪಾದ ತಾನಾಗಿ ಕೆಳಕ್ಕೆ ಬಾಗಬೇಕು. ರಜ್ಜು ಹರಿದಿದ್ದರೆ ಪಾದ ಅಲುಗುವುದಿಲ್ಲ. ಆ ಗಳಿಗೆಯಲ್ಲಿ ರೋಗಿಯ ಮುಖ ನನಗೆ ಕಾಣದಿದ್ದರೂ ಬೆನ್ನು ಬಿಗಿಯುವುದು ಕಾಣುತ್ತದೆ. ಮುಂದೆ ಶಸ್ತ್ರಚಿಕಿತ್ಸೆ, ಗಡಸು ಬೂಟು, ಊರುಗೋಲು, ತಿಂಗಳುಗಟ್ಟಲೆ ವ್ಯಾಯಾಮ. ಸಣ್ಣಗಾಗಿಹೋದ ಮೀನಖಂಡಕ್ಕೆ ಮತ್ತೆ ಬಲ ತುಂಬಬೇಕು. ಗೋಡೆ ಹಿಡಿದು, ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನೆಲದಿಂದ ಮೇಲೆತ್ತಲು ಮೊದಲ ಸಲ ಸಾಧ್ಯವಾದ ದಿನ ಗಟ್ಟಿಮುಟ್ಟಾದ ಗಂಡಸರೂ ಕಣ್ಣೊರೆಸಿಕೊಂಡದ್ದನ್ನು ನೋಡಿದ್ದೇನೆ.

ಹಾಗಾಗಿ ಡಿಮೀಕೊ ರಯಾನ್ಸ್ ಅವರ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಆಟದ ಕಾರಣಕ್ಕಲ್ಲ, ಕಾಲುಗಳ ಕಾರಣಕ್ಕೆ. 2010ರ ಅಕ್ಟೋಬರ್‌ನಲ್ಲಿ ಅವರ ಎಡಗಾಲಿನ ಅಕಿಲಿಸ್ ಹರಿಯಿತು. 2014ರ ನವೆಂಬರ್ 2ರಂದು ಬಲಗಾಲಿನದು ಹರಿಯಿತು. ಎರಡೂ ನಡೆದದ್ದು ನಮ್ಮೂರಿನ ಒಂದೇ ಮೈದಾನದಲ್ಲಿ. ಮೊದಲನೆಯ ಸಲ ಅವರು ಹ್ಯೂಸ್ಟನ್ ಟೆಕ್ಸನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಟಗಾರ. ಎರಡನೆಯ ಸಲ ಫಿಲಡೆಲ್ಫಿಯಾ ಈಗಲ್ಸ್ ಪರ ಆಡಲು ಬಂದ ಎದುರಾಳಿ. 2023ರ ಜನವರಿ 31ರಂದು ಅದೇ ರಯಾನ್ಸ್ ಟೆಕ್ಸನ್ಸ್ ತಂಡದ ಮುಖ್ಯ ಕೋಚ್ ಆಗಿ ನೇಮಕಗೊಂಡರು ಎಂಬ ಸುದ್ದಿ ಬಂದಾಗ ನಮ್ಮ ಕ್ಲಿನಿಕ್ಕಿನ ಹಿರಿಯ ಸಹೋದ್ಯೋಗಿ ಕೆಲಸ ಬಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಇದೇ ಊರಿನಲ್ಲಿ ಹುಟ್ಟಿ ಬೆಳೆದವರು. ಊರಿನ ಹಳೆಯ ತಂಡ ಆಯಿಲರ್ಸ್ ಟೆನೆಸಿಗೆ ಹೊರಟುಹೋದ ದುಃಖವನ್ನೂ, 2002ರಲ್ಲಿ ಟೆಕ್ಸನ್ಸ್ ಹುಟ್ಟಿದ ಸಂತೋಷವನ್ನೂ ಕಂಡವರು. ಅಂದಿನಿಂದ ಸೀಸನ್ ಟಿಕೆಟ್ ಉಳಿಸಿಕೊಂಡು ಬಂದಿದ್ದಾರೆ. "ನಮ್ಮ ಕ್ಯಾಪ್ಟನ್ ಮನೆಗೆ ಬಂದ" ಎಂದಷ್ಟೇ ಅಂದರು.

ಒಂದು ವರ್ಷದ ನಂತರ, 2024ರ ಜನವರಿ 13ರ ಶನಿವಾರ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ವಿರುದ್ಧದ ಪ್ಲೇಆಫ್, ಅಂದರೆ ಸೋತವರು ಹೊರಬೀಳುವ ಪಂದ್ಯಕ್ಕೆ ಅವರ ಪಕ್ಕದ ಆಸನ ಖಾಲಿ ಇತ್ತು. ನನ್ನನ್ನು ಕರೆದರು. ಸಂಕ್ರಾಂತಿಗೆ ಇನ್ನೆರಡೇ ದಿನ. ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುವ ಕೆಲಸವನ್ನು ಮನೆಯವರಿಗೆ ಒಪ್ಪಿಸಿ ಹೊರಟೆ.

ಮೆಡಿಕಲ್ ಸೆಂಟರಿನ ಮುಂದೆ ಹಾದುಹೋಗುವ ಮೆಟ್ರೋ ರೈಲೇ ಸ್ಟೇಡಿಯಂ ಕಡೆಗೂ ಹೋಗುತ್ತದೆ. ವಾರದ ದಿನಗಳಲ್ಲಿ ಅದರ ತುಂಬ ನಮ್ಮಂತೆ ಆಸ್ಪತ್ರೆಯ ಸಮವಸ್ತ್ರ ತೊಟ್ಟವರು. ಅಂದು ಕಡುನೀಲಿ ಮತ್ತು ಕೆಂಪು ಜೆರ್ಸಿಗಳಿಂದ ಕಾಲಿಡಲೂ ಜಾಗವಿರಲಿಲ್ಲ. ನನ್ನ ಎದುರು ನಿಂತಿದ್ದ ವಯಸ್ಸಾದ ಹೆಂಗಸಿನ ಜೆರ್ಸಿಯ ಮೇಲೆ 59 ಎಂಬ ಸಂಖ್ಯೆ, ಬೆನ್ನಿನ ಮೇಲೆ ರಯಾನ್ಸ್ ಎಂಬ ಹೆಸರು. ಒಗೆದು ಒಗೆದು ಅಕ್ಷರಗಳ ಅಂಚು ಬಿರುಕುಬಿಟ್ಟಿತ್ತು. ಕೋಚ್ ಆದ ಮೇಲೆ ಕೊಂಡದ್ದಲ್ಲ, ಆತ ಇಲ್ಲಿ ಆಡುತ್ತಿದ್ದ ಕಾಲದ್ದು. ತಂಡ ಅವರನ್ನು ಬೇರೆ ಊರಿಗೆ ಕಳಿಸಿದ ಮೇಲೂ ಈಕೆ ಅದನ್ನು ಎಸೆದಿರಲಿಲ್ಲ.

ಈ ಪ್ರೀತಿ ಅರ್ಥವಾಗಬೇಕಾದರೆ ರಯಾನ್ಸ್ ಆಡುತ್ತಿದ್ದ ಜಾಗದ ಬಗ್ಗೆ ಒಂದು ಮಾತು ಹೇಳಬೇಕು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿಗೆ ಹನ್ನೊಂದು ಜನ, ರಕ್ಷಣೆಗೆ ಬೇರೆಯೇ ಹನ್ನೊಂದು ಜನ. ದಾಳಿಯ ಕಡೆಯವರು ನಾಲ್ಕು ಅವಕಾಶಗಳಲ್ಲಿ 10 ಗಜ ಮುಂದೆ ಸಾಗಬೇಕು. ರಕ್ಷಣೆಯ ಮುಂದಿನ ಸಾಲಿನ ಹಿಂದೆ, ನಟ್ಟನಡುವೆ ನಿಲ್ಲುವವನು ಮಿಡಲ್ ಲೈನ್‌ಬ್ಯಾಕರ್. ಪ್ರತಿ ಎಸೆತಕ್ಕೂ ಮೊದಲು ಫೀಲ್ಡಿಂಗ್ ಬದಲಿಸುವ ಕ್ರಿಕೆಟ್ ನಾಯಕನ ಹಾಗೆ ಎದುರಾಳಿ ಹೇಗೆ ನಿಂತಿದ್ದಾನೆ ಎಂದು ಓದಿ, ತನ್ನವರನ್ನು ಕೂಗಿ ಅತ್ತಿತ್ತ ಸರಿಸುವುದು ಅವನ ಹೊಣೆ. 2008ರಿಂದ ರಕ್ಷಣೆಯ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ಕೋಚ್ ಮಾತು ಕೇಳಿಸುವ ರೇಡಿಯೋ ಇಡಲು ಅವಕಾಶವಾಯಿತು. ಆ ಮಾತನ್ನು ಉಳಿದ ಹತ್ತು ಜನಕ್ಕೆ ಕೆಲವೇ ಸೆಕೆಂಡುಗಳಲ್ಲಿ ಮುಟ್ಟಿಸಬೇಕಾದವನು ಸಾಮಾನ್ಯವಾಗಿ ಇದೇ ಲೈನ್‌ಬ್ಯಾಕರ್. ಅಲಬಾಮಾದ ಬೆಸೆಮರ್ ಎಂಬ ಊರಿನ ಹುಡುಗ, ಅಲಬಾಮಾ ವಿಶ್ವವಿದ್ಯಾಲಯಕ್ಕೆ ಆಡಿ, ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2006ರ ಆಯ್ಕೆಯಲ್ಲಿ 33ನೆಯವನಾಗಿ ಹ್ಯೂಸ್ಟನ್ನಿಗೆ ಬಂದು, ಮೊದಲ ವರ್ಷವೇ ಇಡೀ ಲೀಗಿನ ಶ್ರೇಷ್ಠ ಹೊಸ ರಕ್ಷಣಾ ಆಟಗಾರ ಎನಿಸಿಕೊಂಡ. ಆಗಿನಿಂದ ಜೊತೆಗಾರರು ಅವರನ್ನು ಕರೆಯುತ್ತಿದ್ದದ್ದೇ 'ಕ್ಯಾಪ್' ಎಂದು.

ಮೊದಲ ಗಾಯದ ನಂತರ 2011ರಲ್ಲಿ ಅವರು ಮರಳಿ ಬಂದರು. ನನ್ನ ವೃತ್ತಿಯ ಕಣ್ಣಿಗೆ ಅದೇ ದೊಡ್ಡ ಸಾಧನೆ. ಆದರೆ ಅಷ್ಟರಲ್ಲಿ ತಂಡದ ರಕ್ಷಣಾ ವ್ಯೂಹವೇ ಬದಲಾಗಿತ್ತು. ಎದುರಾಳಿ ಚೆಂಡು ಎಸೆಯುವ ಸಂದರ್ಭ ಬಂದಾಗ ನಾಯಕನನ್ನೇ ಹೊರಗೆ ಕರೆಸುತ್ತಿದ್ದರು. 2012ರ ಮಾರ್ಚ್‌ನಲ್ಲಿ ಈಗಲ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಒಬ್ಬ ಒಳ್ಳೆಯ ಆಟಗಾರ ಒಂದು ವ್ಯೂಹಕ್ಕೆ ಹೊಂದದೆ ಹೋಗುವುದು ಹೇಗಿರುತ್ತದೆ, ಸೈಡ್‌ಲೈನಿನಲ್ಲಿ ನಿಂತು ತನ್ನ ಜಾಗವನ್ನು ನೋಡುವುದು ಹೇಗಿರುತ್ತದೆ ಎಂಬುದನ್ನು ರಯಾನ್ಸ್ ಪುಸ್ತಕದಿಂದ ಕಲಿತಿಲ್ಲ.

ಪಂದ್ಯ ಮಧ್ಯಾಹ್ನ ಮೂರೂವರೆಗೆ ಶುರು. ನಮ್ಮ ಆಸನಗಳು ಬಹಳ ಮೇಲೆ. ಅಲ್ಲಿಂದ ಆಟಗಾರರು ಬೆರಳಷ್ಟೇ ಕಾಣುತ್ತಾರೆ. ಸಹೋದ್ಯೋಗಿ ತಂದಿದ್ದ ದುರ್ಬೀನನ್ನು ಇಸಿದುಕೊಂಡು ನಾನು ಮೊದಲು ಹುಡುಕಿದ್ದು ಕೋಚ್ ಅನ್ನು. ತಲೆಗೆ ಹೆಡ್‌ಸೆಟ್, ಗೆರೆಯ ಅಂಚಿನಲ್ಲಿ ಕಾಲುಗಳನ್ನು ಅಗಲಿಸಿ ನಿಂತಿದ್ದರು. ಅವರು ನಡೆಯುವುದನ್ನು ಕಾದು ನೋಡಿದೆ. ಹರಿದ ಅಕಿಲಿಸ್ ಸರಿಯಾಗಿ ಕೂಡದವರು ನಡೆಯುವಾಗ ಹೆಜ್ಜೆಯ ಕೊನೆಯಲ್ಲಿ ನೆಲವನ್ನು ಹಿಂದಕ್ಕೆ ತಳ್ಳುವುದಿಲ್ಲ, ಪಾದವನ್ನು ಎತ್ತಿ ಇಡುತ್ತಾರೆ. ಹೊಸ ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ಬರುವಷ್ಟರಲ್ಲಿ ನಾನು ಅದನ್ನು ಗುರುತಿಸುತ್ತೇನೆ. ಇವರ ನಡಿಗೆಯಲ್ಲಿ ಅಷ್ಟು ದೂರದಿಂದ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಆ ಕಾಲುಗಳ ಹಿಂದೆ ಎರಡು ಸಲದ, ಹೆಸರಿಲ್ಲದ ಎಷ್ಟೋ ಮುಂಜಾನೆಗಳ ದುಡಿಮೆ ಇದೆ ಎಂಬುದು ಎಪ್ಪತ್ತು ಸಾವಿರ ಜನರ ಗದ್ದಲದ ನಡುವೆಯೂ ನನಗೆ ಮನಮುಟ್ಟಿತು.

ಮೊದಲರ್ಧ ಸಮಬಲದ ಜಗ್ಗಾಟ. ಬ್ರೌನ್ಸ್ ಎರಡು ಸಲ ಮುಂದಾದರು. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು, 38ರ ಜೋ ಫ್ಲಾಕೊ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ಅನುಭವಿ. ನಮ್ಮ ಕಡೆ 22ರ ಸಿ.ಜೆ. ಸ್ಟ್ರೌಡ್, ಇದು ಅವನ ಮೊದಲ ವರ್ಷ. ಮೂರೇ ವಾರಗಳ ಹಿಂದೆ, ಕ್ರಿಸ್‌ಮಸ್ ಮುನ್ನಾದಿನ, ಇದೇ ಬ್ರೌನ್ಸ್ ಇದೇ ಮೈದಾನದಲ್ಲಿ 36-22ರಿಂದ ಗೆದ್ದಿದ್ದರು. ಅಂದು ಅಮಾರಿ ಕೂಪರ್ ಎಂಬ ಒಬ್ಬನೇ ಆಟಗಾರ 265 ಗಜ ಸಾಗಿದ್ದ. ಸ್ಟ್ರೌಡ್ ತಲೆಯ ಪೆಟ್ಟಿನಿಂದ ಅಂದು ಆಡಿರಲಿಲ್ಲ ನಿಜ, ಆದರೆ ಕೂಪರ್‌ನನ್ನು ತಡೆಯಬೇಕಾದದ್ದು ರಕ್ಷಣೆ. ರಕ್ಷಣೆಯೇ ರಯಾನ್ಸ್ ಅವರ ವಿದ್ಯೆ. "ಇವತ್ತು ಗೊತ್ತಾಗುತ್ತದೆ. ಸೋಲಿಸಿದವನು ಮೂರು ವಾರ ಬಿಟ್ಟು ಮತ್ತೆ ಎದುರಾದಾಗ ಕೋಚ್ ಎಂಥವನು ಎಂದು ಗೊತ್ತಾಗುತ್ತದೆ" ಎಂದರು ನನ್ನ ಸಹೋದ್ಯೋಗಿ.

ವಿರಾಮದ ಹೊತ್ತಿಗೆ 24-14, ಟೆಕ್ಸನ್ಸ್ ಮುಂದೆ. ಜನ ತಿಂಡಿಗೆ ಎದ್ದರು. ನಾವು ಕುಳಿತೇ ಇದ್ದೆವು. ಆಗ ಅವರು ನನಗೆ ರಯಾನ್ಸ್ ಕೋಚ್ ಆದ ದಾರಿಯ ಕಥೆ ಹೇಳಿದರು. ಅಂದಿನ ಆಟಕ್ಕಿಂತ ಹೆಚ್ಚಾಗಿ ನನ್ನಲ್ಲಿ ಉಳಿದಿರುವುದು ಆ ಕಥೆ.

2016ರ ಫೆಬ್ರುವರಿಯಲ್ಲಿ ಈಗಲ್ಸ್ ಅವರನ್ನು ಕೈಬಿಟ್ಟಾಗ ಹತ್ತು ವರ್ಷ ಆಡಿ ಆಗಿತ್ತು. ಹಣಕ್ಕೆ ಕೊರತೆಯಿಲ್ಲ, ಹೆಸರಿಗೆ ಕೊರತೆಯಿಲ್ಲ. ಅಂಥವರು ಟೀವಿ ಚರ್ಚೆಗೆ ಹೋಗಿ ಕೂರಬಹುದು, ವ್ಯಾಪಾರ ಮಾಡಬಹುದು. ರಯಾನ್ಸ್ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದಲ್ಲಿ ಕ್ವಾಲಿಟಿ ಕಂಟ್ರೋಲ್ ಕೋಚ್ ಎಂಬ ಕೆಲಸಕ್ಕೆ ಸೇರಿದರು. ಹೆಸರು ದೊಡ್ಡದು, ಕೆಲಸ ಏಣಿಯ ಕೆಳಗಿನ ಮೆಟ್ಟಿಲಿನದು. ಎದುರಾಳಿಯ ಪಂದ್ಯಗಳ ವಿಡಿಯೊವನ್ನು ಒಂದೊಂದೇ ಚಲನೆಯಾಗಿ ಕತ್ತರಿಸಿ ವಿಂಗಡಿಸಬೇಕು. ಯಾವ ಸನ್ನಿವೇಶದಲ್ಲಿ ಯಾವ ಆಟ ಆಡುತ್ತಾರೆ ಎಂದು ಪಟ್ಟಿ ಮಾಡಬೇಕು. ಅಭ್ಯಾಸದಲ್ಲಿ ಎದುರಾಳಿಯಂತೆ ಆಡಿ ತೋರಿಸುವವರಿಗಾಗಿ ರಟ್ಟಿನ ಮೇಲೆ ವೃತ್ತ, ಗೆರೆ, ಬಾಣ ಬರೆದು ಕೊಡಬೇಕು. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಬಂದು ರಾತ್ರಿ ಎಲ್ಲರಿಗಿಂತ ಕೊನೆಗೆ ಹೋಗುವ ಕೆಲಸ ಅದು. ಸಾಮಾನ್ಯವಾಗಿ ಇಪ್ಪತ್ತರ ಹರೆಯದ ಹುಡುಗರು ಮಾಡುವಂಥದ್ದು. ದೇಶದ ಶ್ರೇಷ್ಠರ ಸಾಲಿಗೆ ಎರಡು ಸಲ ಆಯ್ಕೆಯಾಗಿದ್ದ ಆಟಗಾರ ಅದನ್ನು ಮಾಡಿದರು.

ಆ ತಂಡದ ಮುಖ್ಯ ಕೋಚ್ ಕೈಲ್ ಶನಹನ್ ಮತ್ತು ರಕ್ಷಣೆಯ ಹೊಣೆ ಹೊತ್ತಿದ್ದ ರಾಬರ್ಟ್ ಸಲೇಹ್ ಇಬ್ಬರೂ ರಯಾನ್ಸ್ ಹ್ಯೂಸ್ಟನ್ನಿನಲ್ಲಿ ಆಡುತ್ತಿದ್ದಾಗ ಇಲ್ಲೇ ಸಹಾಯಕ ಕೋಚ್‌ಗಳಾಗಿದ್ದವರು. ಪರಿಚಯ ಬಾಗಿಲು ತೆರೆಯಿತು, ಇಲ್ಲವೆನ್ನಲಾಗದು. ಆದರೆ ಒಳಗೆ ಕರೆದು ಕೂರಿಸಿದ್ದು ಕೊನೆಯ ಬೆಂಚಿನಲ್ಲಿ. ಮರುವರ್ಷ ಲೈನ್‌ಬ್ಯಾಕರ್‌ಗಳ ಕೋಚ್. ಅದೇ ವರ್ಷ ಆ ತಂಡಕ್ಕೆ ಬಂದ ಫ್ರೆಡ್ ವಾರ್ನರ್ ಅವರ ಕೈಕೆಳಗೆ ಲೀಗಿನ ಅತ್ಯುತ್ತಮ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬನಾಗಿ ಬೆಳೆದ. 2021ರಲ್ಲಿ ಸಲೇಹ್ ಬೇರೆ ತಂಡದ ಮುಖ್ಯ ಕೋಚ್ ಆಗಿ ಹೋದಾಗ ಇಡೀ ರಕ್ಷಣೆ ರಯಾನ್ಸ್ ಕೈಗೆ ಬಂತು. 2022ರಲ್ಲಿ ಇಡೀ ಲೀಗಿನಲ್ಲಿ ಎದುರಾಳಿಗೆ ಅತಿ ಕಡಿಮೆ ಅಂಕ ಮತ್ತು ಅತಿ ಕಡಿಮೆ ಗಜ ಬಿಟ್ಟುಕೊಟ್ಟದ್ದು ಅವರ ರಕ್ಷಣೆ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಸಂಗತಿಯನ್ನೂ ಸಹೋದ್ಯೋಗಿ ನೆನಪಿಸಿದರು. ಅದೇ 2022ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ತನ್ನ ಹಳೆಯ ಹೆಸರಾಂತ ಆಟಗಾರ ಜೆಫ್ ಸ್ಯಾಟರ್ಡೆ ಅವರನ್ನು ಟೀವಿ ಕೆಲಸದಿಂದ ನೇರವಾಗಿ ಕರೆತಂದು ಹಂಗಾಮಿ ಮುಖ್ಯ ಕೋಚ್ ಮಾಡಿತು. ಕೋಚ್ ಆಗಿ ಅವರಿಗಿದ್ದದ್ದು ಶಾಲಾ ತಂಡದ ಅನುಭವ ಮಾತ್ರ. ಮೊದಲ ಪಂದ್ಯ ಗೆದ್ದರು, ಉಳಿದ ಏಳನ್ನೂ ಸೋತರು. ಅವರು ಆಟ ತಿಳಿಯದವರಲ್ಲ. ಆಡಿದವರಲ್ಲಿ ದೊಡ್ಡವರು. ಆದರೂ ಆ ಕುರ್ಚಿಯ ಕೆಳಗೆ ಹಲವು ಮೆಟ್ಟಿಲುಗಳಿವೆ, ಅವುಗಳನ್ನು ಹತ್ತಿಸದೆ ಒಬ್ಬನನ್ನು ನೇರವಾಗಿ ಅಲ್ಲಿ ಕೂರಿಸುವುದು ಅವನಿಗೇ ಮಾಡುವ ಅನ್ಯಾಯ ಎಂದು ನನಗನ್ನಿಸುತ್ತದೆ.

ನನ್ನ ಅಪ್ಪ ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದರು. ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾಲಯಕ್ಕೆ ವಾಲಿಬಾಲ್ ಆಡಿದವರು, ಮೊಣಕಾಲು ಸೋತ ಮೇಲೆ ಸೀಟಿ ಹಿಡಿದವರು. ಬೇಸಿಗೆಯ ಬೆಳಿಗ್ಗೆ ಅವರ ಜೊತೆ ಮೈದಾನಕ್ಕೆ ಹೋಗುತ್ತಿದ್ದೆ. ಮಕ್ಕಳಿಗೆ ನಿಲ್ಲುವ ಜಾಗ ತೋರಿಸಲು ಅವರು ತಮ್ಮ ಚಪ್ಪಲಿಗಳನ್ನು ಕಳಚಿ ನೆಲದ ಮೇಲೆ ಕೋನವಾಗಿ ಇಡುತ್ತಿದ್ದರು. "ನಿನ್ನ ಎಡಗಾಲು ಇದರ ಮೇಲೆ, ಬಲಗಾಲು ಅದರ ಮೇಲೆ. ಈಗ ಮಂಡಿ ಬಗ್ಗಿಸು." ಚೆಂಡು ಆಮೇಲೆ. ಆಡುತ್ತಿದ್ದಾಗ ತನ್ನ ಕಾಲು ಎಲ್ಲಿರುತ್ತಿತ್ತು ಎಂದು ತನಗೇ ಗೊತ್ತಿರಲಿಲ್ಲ, ಕಲಿಸಲು ನಿಂತ ಮೇಲೆ ಯೋಚಿಸಿ ಕಂಡುಕೊಳ್ಳಬೇಕಾಯಿತು ಎಂದು ಅವರು ಅಮ್ಮನಿಗೆ ಹೇಳುತ್ತಿದ್ದದ್ದು ನನಗೆ ನೆನಪಿದೆ. ಊರಿನವರು ಮಾತ್ರ, ಪಾಪ, ಎಂಥ ಆಟಗಾರ, ಕೊನೆಗೆ ಮಕ್ಕಳಿಗೆ ಡ್ರಿಲ್ ಹೇಳಿಕೊಡುವ ಹಾಗಾಯಿತು ಎನ್ನುತ್ತಿದ್ದರು. ಆ 'ಪಾಪ' ನನಗೆ ಅಂದೂ ಒಪ್ಪಿಗೆಯಾಗಿರಲಿಲ್ಲ, ಇಂದೂ ಇಲ್ಲ. ಆಡುವ ವಿದ್ಯೆ ಬೇರೆ, ಆಡಿಸುವ ವಿದ್ಯೆ ಬೇರೆ. ಎರಡನೆಯದು ಮೊದಲನೆಯದರ ಉಳಿಕೆಯಲ್ಲ.

ರಯಾನ್ಸ್ ಬರುವ ಮೊದಲು ಟೆಕ್ಸನ್ಸ್ ಸ್ಥಿತಿ ಶೋಚನೀಯವಾಗಿತ್ತು. ಹಿಂದಿನ ಮೂರು ವರ್ಷಗಳಲ್ಲಿ ಒಟ್ಟು ಗೆದ್ದದ್ದು 11 ಪಂದ್ಯ. ಹಿಂದಿನ ಇಬ್ಬರು ಕೋಚ್‌ಗಳನ್ನು ಒಂದೊಂದೇ ವರ್ಷಕ್ಕೆ ಮನೆಗೆ ಕಳಿಸಲಾಗಿತ್ತು. ಇಬ್ಬರೂ ಕಪ್ಪು ವರ್ಣೀಯರು. ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ವರ್ಣೀಯರಿರುವ ಲೀಗಿನಲ್ಲಿ ಮುಖ್ಯ ಕೋಚ್ ಆಗುವ ಕಪ್ಪು ವರ್ಣೀಯರು ಇಂದಿಗೂ ಕೆಲವೇ ಕೆಲವರು. ಅವರಿಗೆ ಸಿಗುವ ಕಾಲಾವಕಾಶವೂ ಕಡಿಮೆ ಎಂಬ ದೂರು ಸುಳ್ಳಲ್ಲ. ರಯಾನ್ಸ್‌ಗೆ ಆರು ವರ್ಷಗಳ ಒಪ್ಪಂದ ಸಿಕ್ಕಾಗ ನನ್ನ ಸಹೋದ್ಯೋಗಿ, ಅವರೂ ಕಪ್ಪು ವರ್ಣೀಯರೇ, ಆ ಅಂಕಿಯನ್ನು ಎರಡು ಸಲ ಓದಿದರಂತೆ.

ಮೂರನೆಯ ಕ್ವಾರ್ಟರ್ ಶುರುವಾಯಿತು. ಕೂಪರ್‌ಗೆ ಈ ಸಲ ಜಾಗವೇ ಸಿಗುತ್ತಿರಲಿಲ್ಲ. ಫ್ಲಾಕೊ ಚೆಂಡು ಹಿಡಿದು ಆಚೀಚೆ ನೋಡುವಷ್ಟರಲ್ಲಿ ಎದುರಿನ ಗೋಡೆ ಕುಸಿದು ಮೈಮೇಲೆ ಬರುತ್ತಿತ್ತು. ಅಂಥ ಒಂದು ಗಳಿಗೆಯಲ್ಲಿ ಆತ ಎಸೆದ ಚೆಂಡು ಸ್ಟೀವನ್ ನೆಲ್ಸನ್ ಕೈಗೆ ಬಿತ್ತು. ನೆಲ್ಸನ್ 82 ಗಜ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ನಾವು ಕುಳಿತಿದ್ದ ಕಾಂಕ್ರೀಟು ಕಾಲಡಿಯಲ್ಲಿ ನಡುಗಿತು, ಉತ್ಪ್ರೇಕ್ಷೆಯಲ್ಲ. ಜನ ಇನ್ನೂ ಕುಳಿತಿರಲಿಲ್ಲ, ಬ್ರೌನ್ಸ್‌ನ ಮುಂದಿನ ಸರದಿಯಲ್ಲೇ ಮತ್ತೊಂದು ಎಸೆತ ಕ್ರಿಸ್ಚಿಯನ್ ಹ್ಯಾರಿಸ್ ಕೈಸೇರಿತು, 36 ಗಜ ಓಡಿ ಅವನೂ ಗೆರೆ ದಾಟಿದ.

ನನ್ನ ಸಹೋದ್ಯೋಗಿ ಕೂಗುವುದನ್ನು ನಿಲ್ಲಿಸಿ ನನ್ನ ತೋಳು ಹಿಡಿದರು. ಹ್ಯಾರಿಸ್ ಕೂಡ ಲೈನ್‌ಬ್ಯಾಕರ್. ಅವನೂ ಅಲಬಾಮಾ ವಿಶ್ವವಿದ್ಯಾಲಯದಿಂದ ಬಂದವನು. ಕೋಚ್ ಆಡುತ್ತಿದ್ದ ಜಾಗದ ಹುಡುಗ, ಕೋಚ್‌ನ ಕಾಲು ಎರಡು ಸಲ ಸೋತ ಮೈದಾನದಲ್ಲಿ, ಎದುರಾಳಿಯ ಮನಸ್ಸನ್ನು ಮೊದಲೇ ಓದಿ ಚೆಂಡಿನ ದಾರಿಗೆ ಅಡ್ಡ ಬಂದಿದ್ದ. ನಾನು ದುರ್ಬೀನನ್ನು ಸೈಡ್‌ಲೈನಿನ ಕಡೆ ತಿರುಗಿಸಿದೆ. ಕುಣಿಯುತ್ತಿದ್ದ ಆಟಗಾರರ ನಡುವೆ ರಯಾನ್ಸ್ ಆಗಲೇ ಮುಂದಿನ ಸರದಿಯ ಕಡೆ ಮುಖ ಮಾಡಿದ್ದರು.

ಕೊನೆಗೆ 45-14. ಕ್ರಿಸ್‌ಮಸ್ ಮುನ್ನಾದಿನ 265 ಗಜ ಸಾಗಿದ್ದ ಕೂಪರ್‌ಗೆ ಅಂದು ಸಿಕ್ಕಿದ್ದು 59 ಗಜ. ಪ್ಲೇಆಫ್ ಗೆದ್ದ ಅತ್ಯಂತ ಕಿರಿಯ ಕ್ವಾರ್ಟರ್‌ಬ್ಯಾಕ್ ಎಂಬ ದಾಖಲೆ ಸ್ಟ್ರೌಡ್‌ನದಾಯಿತು. ಮುಂದಿನ ವಾರ ಬಾಲ್ಟಿಮೋರ್ ರೇವನ್ಸ್ ಎದುರು 34-10ರಿಂದ ಸೋತು ಆ ವರ್ಷದ ಓಟ ಮುಗಿಯಿತು. ಫೆಬ್ರುವರಿಯಲ್ಲಿ ವರ್ಷದ ಶ್ರೇಷ್ಠ ಹೊಸಬರ ಪ್ರಶಸ್ತಿಗಳೆರಡೂ ಟೆಕ್ಸನ್ಸ್ ಹುಡುಗರಿಗೇ ಬಂದವು. ದಾಳಿಯಲ್ಲಿ ಸ್ಟ್ರೌಡ್, ರಕ್ಷಣೆಯಲ್ಲಿ ವಿಲ್ ಆಂಡರ್ಸನ್. ರಕ್ಷಣೆಯದು 2006ರಲ್ಲಿ ರಯಾನ್ಸ್ ಪಡೆದಿದ್ದ ಅದೇ ಪ್ರಶಸ್ತಿ.

ಆ ಚಳಿಗಾಲದಲ್ಲಿ ನನ್ನ ಬಳಿ ಬರುತ್ತಿದ್ದವರಲ್ಲಿ ಒಬ್ಬ ಹೈಸ್ಕೂಲ್ ಹುಡುಗನಿದ್ದ. ಫುಟ್‌ಬಾಲ್ ಆಡುವವನು. ಒಂದೇ ಮೊಣಕಾಲಿನ ಎಸಿಎಲ್ ಎಂಬ ಒಳಗಿನ ಕಟ್ಟು ಎರಡನೆಯ ಸಲ ಹರಿದಿತ್ತು, ಇನ್ನು ಆಡಬಾರದು ಎಂದು ಶಸ್ತ್ರವೈದ್ಯರು ಹೇಳಿದ್ದರು. ವ್ಯಾಯಾಮ ಮಾಡುತ್ತಿದ್ದ, ಮಾತಾಡುತ್ತಿರಲಿಲ್ಲ. ಪಂದ್ಯದ ಮರುವಾರ ಅವನಿಗೆ ರಯಾನ್ಸ್ ಅವರ ಎರಡು ಅಕಿಲಿಸ್‌ಗಳ ಬಗ್ಗೆ ಹೇಳಿದೆ. ರಯಾನ್ಸ್ ಯಾರೆಂದು ಗೊತ್ತಿತ್ತು, ಗಾಯಗಳು ಗೊತ್ತಿರಲಿಲ್ಲ. ಎಷ್ಟು ದಿನಕ್ಕೆ ಓಡಿದರು ಎಂದು ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಬೇರೆ: "ಕ್ವಾಲಿಟಿ ಕಂಟ್ರೋಲ್ ಅಂದರೆ ದಿನವಿಡೀ ಏನು ಮಾಡುತ್ತಾರೆ?" ನನಗೆ ತಿಳಿದಷ್ಟು ಹೇಳಿದೆ. ವಿಡಿಯೊ ಕತ್ತರಿಸುವುದು, ರಟ್ಟಿನ ಮೇಲೆ ಬಾಣ ಬರೆಯುವುದು. ಕಾಲನ್ನು ಚಾಚಿ ಮಡಿಸುತ್ತಲೇ ಕೇಳಿಸಿಕೊಂಡ.

ಟೆಕ್ಸಾಸಿನಲ್ಲಿ ಶಾಲಾ ಪಂದ್ಯಗಳು ಶುಕ್ರವಾರ ರಾತ್ರಿ, ಶನಿವಾರ ಬೆಳಿಗ್ಗೆ ಕುಳಿತು ವಿಡಿಯೊ ನೋಡುವ ಪದ್ಧತಿ. ಆ ಆಗಸ್ಟ್‌ನಲ್ಲಿ ಹೊಸ ಸೀಸನ್ ಶುರುವಾಗುವ ಹೊತ್ತಿಗೆ ಹುಡುಗನ ತಾಯಿ ಫೋನ್ ಮಾಡಿದರು. ಶನಿವಾರ ಬೆಳಗಿನ ಅಪಾಯಿಂಟ್‌ಮೆಂಟ್ ಇನ್ನು ಮುಂದೆ ಆಗುವುದಿಲ್ಲ, ಅವನು ಶಾಲೆಯ ಕೋಚ್ ಜೊತೆ ಕುಳಿತು ರಕ್ಷಣೆಯ ವಿಡಿಯೊ ವಿಂಗಡಿಸಲು ಒಪ್ಪಿಕೊಂಡಿದ್ದಾನೆ, ಬೇರೆ ದಿನ ಇದೆಯೇ ಎಂದು ಕೇಳಿದರು. ಸೋಮವಾರ ಸಂಜೆ ನಾಲ್ಕಕ್ಕೆ ಬರೆದುಕೊಂಡೆ.